ಅಮೆರಿಕದಲ್ಲಿ ಬಿರುಗಾಳಿ, ಸರಿ, ಆದರೆ ಎಲ್ಲಿ?

ಸಂಪಾದಕರೇ,

ಶುಕ್ರವಾರ ನಿಮ್ಮ ಪತ್ರಿಕೆಯಲ್ಲಿ ‘ವಾರಾಂತ್ಯ ಅಮೆರಿಕಕ್ಕೆ ಬಿರುಗಾಳಿ’ ಅಂತ ಎರಡು ಸಾಲಿನ ಸುದ್ದಿ ಬಂದಿತ್ತು. ಅದನ್ನು ಓದಿದ ಅಮ್ಮ ದಾವಣಗೆರೆಯಿಂದ ಫೋನ್ ಮಾಡಿ, ಶನಿವಾರ ಮನೆಯಿಂದ ಹೊರಗೆ ಹೋಗಲ್ಲ ಅಂತ ನನ್ನಿಂದ ಆಣೆ ಹಾಕಿಸಿಕೊಂಡರು. ನಾನಿರುವುದು ಒಹಾಯೋದ ಕೊಲಂಬಸ್‌ನಲ್ಲಿ. ಶನಿವಾರ ಇಲ್ಲಿ ಚೆನ್ನಾಗಿ ಬಿಸಿಲಿತ್ತು. ಗುಡುಗು ಮಳೆ ಬಂದಿದ್ದು ಭಾನುವಾರ ರಾತ್ರಿ, ಅಮ್ಮನಿಗೆ ಧೈರ್ಯ ಬಂದ ಮೇಲೆ!

ಕಾಶ್ಮೀರದಲ್ಲಿ ಹಿಮ ಬಿದ್ದರೆ ಕಲಬುರಗಿಯವರು ಸ್ವೆಟರ್ ಹುಡುಕುತ್ತಾರಾ? ಈ ದೇಶ ಒಂದು ಕರಾವಳಿಯಿಂದ ಇನ್ನೊಂದಕ್ಕೆ ಸುಮಾರು 4,500 ಕಿ.ಮೀ. ಇದೆ. ವಸಂತದಲ್ಲಿ ಮೆಕ್ಸಿಕೋ ಕೊಲ್ಲಿಯಿಂದ ಬೆಚ್ಚಗಿನ ತೇವದ ಗಾಳಿ ಏರಿ ಬರುತ್ತದೆ, ಕೆನಡಾ ಕಡೆಯಿಂದ ಥಂಡಿ ಗಾಳಿ ಇಳಿಯುತ್ತದೆ, ಪಶ್ಚಿಮದಿಂದ ಒಣಗಾಳಿಯೂ ಬಂದು ಸೇರುತ್ತದೆ, ನಡುವಿನ ಬಯಲಲ್ಲಿ ಇವನ್ನು ತಡೆಯಲು ಒಂದು ಗುಡ್ಡವೂ ಅಡ್ಡ ಇಲ್ಲ. ಹಾಗಾಗಿ ಒಂದೇ ವಾಯುಭಾರ ಕುಸಿತದಿಂದ ಉತ್ತರದ ಡಕೋಟಾ ರಾಜ್ಯಗಳಲ್ಲಿ ಹಿಮ ಬೀಳಬಹುದು, ಒಕ್ಲಹೋಮಾದಲ್ಲಿ ಆಲಿಕಲ್ಲು, ಸುಂಟರಗಾಳಿ ಏಳಬಹುದು, ಅದೇ ಹೊತ್ತಿಗೆ ನ್ಯೂ ಮೆಕ್ಸಿಕೋದಲ್ಲಿ ಬರೀ ಧೂಳು, ಕಾಡ್ಗಿಚ್ಚಿನ ಭಯ. ಇದೆಲ್ಲ ಪೂರ್ವಕ್ಕೆ ಸರಿಯುತ್ತಾ ಬರುತ್ತದೆ, ಅಲ್ಲಿ ಶನಿವಾರ ಆದದ್ದು ನಮಗೆ ಭಾನುವಾರ.

ಇನ್ನೊಂದು ತಕರಾರು ಅನುವಾದದ್ದು. ಒಕ್ಲಹೋಮಾದ ನಾರ್ಮನ್‌ನಲ್ಲಿರುವ ಸ್ಟಾರ್ಮ್ ಪ್ರಿಡಿಕ್ಷನ್ ಸೆಂಟರ್ (ಬಿರುಗಾಳಿಯ ಮುನ್ಸೂಚನೆ ಕೊಡುವ ಸರ್ಕಾರಿ ಕೇಂದ್ರ) ಬಿರುಗಾಳಿಯ ಅಪಾಯವನ್ನು ಐದು ಹಂತ ಮಾಡಿ ನಕ್ಷೆ ಹಾಕುತ್ತದೆ. ಅದರಲ್ಲಿ ‘ಮಾಡರೇಟ್’ ಅನ್ನುವುದು ನಾಲ್ಕನೆಯದು, ಅಂದರೆ ತುಂಬಾ ಜಾಸ್ತಿ. ನೀವು ‘ಮಧ್ಯಮ’ ಅಂತ ಬರೆದರೆ ಓದಿದವರು ಪರವಾಗಿಲ್ಲ ಬಿಡು ಅಂದುಕೊಳ್ಳುತ್ತಾರೆ. ‘ವಾಚ್’, ‘ವಾರ್ನಿಂಗ್’ ಎರಡಕ್ಕೂ ‘ಎಚ್ಚರಿಕೆ’ ಅಂತಲೇ ಹಾಕುತ್ತೀರಿ. ವಾಚ್ ಅಂದರೆ ಆಗುವ ಸಾಧ್ಯತೆ ಇದೆ, ಒಂದು ಕಣ್ಣಿಟ್ಟಿರಿ ಅಂತ. ವಾರ್ನಿಂಗ್ ಅಂದರೆ ರೇಡಾರ್‌ನಲ್ಲೋ ಯಾರದೋ ಕಣ್ಣಿಗೋ ಆಗಲೇ ಬಿದ್ದಿದೆ, ನೆಲಮಾಳಿಗೆಗೆ ಇಳಿಯಿರಿ ಅಂತ. ಇವೆರಡನ್ನು ಒಂದೇ ಮಾಡಿದರೆ ಹೇಗೆ?

ಭಯವೇ ಸುಳ್ಳು ಅಂತ ನಾನು ಹೇಳುತ್ತಿಲ್ಲ. ಮಿಸೌರಿಯ ಜಾಪ್ಲಿನ್‌ನಲ್ಲಿ 2011ರ ಮೇ 22ರಂದು, ಅದೂ ಒಂದು ಭಾನುವಾರವೇ, ಒಂದೇ ಸುಂಟರಗಾಳಿಗೆ 150ಕ್ಕಿಂತ ಹೆಚ್ಚು ಜನ ಸತ್ತರು. ನಮ್ಮ ಕೊಲಂಬಸ್‌ನಲ್ಲೂ ಪ್ರತಿ ಬುಧವಾರ ಮಧ್ಯಾಹ್ನ 12ಕ್ಕೆ, ಸುಂಟರಗಾಳಿ ಬಂದರೆ ಕೂಗುವ ಸೈರನ್ ಕೂಗಿಸಿ ಪರೀಕ್ಷೆ ಮಾಡುತ್ತಾರೆ. ಬೇಸಿಗೆಯಲ್ಲಿ ಆಗ ನಿಮಗೆ ರಾತ್ರಿ ಒಂಬತ್ತೂವರೆ, ಅಮ್ಮ ಊಟ ಮುಗಿಸಿ ಫೋನ್ ಮಾಡುವ ಹೊತ್ತು. ಮೊದಲ ಸಲ ಆ ಕೂಗು ಕೇಳಿ ಅವರು ಗಾಬರಿಯಾಗಿ ದೇವರ ಮುಂದೆ ದೀಪ ಹಚ್ಚಿದ್ದರು.

ಸುಮ್ನೆ ‘ಅಮೆರಿಕ’ ಅನ್ನುವ ಬದಲು ಯಾವ ರಾಜ್ಯ, ಯಾವ ದಿನ ಅಂತ ಹಾಕಿ. ನಾಲ್ಕು ಪದ ಜಾಸ್ತಿ ಆಗಬಹುದು, ಅಷ್ಟೇ. ಇಲ್ಲಿ ಮಕ್ಕಳಿರುವ ಎಷ್ಟೋ ಅಪ್ಪ ಅಮ್ಮಂದಿರು ನಿಮ್ಮ ಆ ಎರಡು ಸಾಲನ್ನೇ ನಂಬಿಕೊಂಡು ಕೂತಿರುತ್ತಾರೆ.

— ಒಬ್ಬ ಓದುಗ, ಕೊಲಂಬಸ್, ಒಹಾಯೋ