ಜಿಮ್ ಕೆಲಸವೋ ಎಂ.ಎಸ್ಸಿ.ಯೋ ಅಂತ ಕೇಳಿದ ಮಗಳಿಗೆ

ಪುಟ್ಟಿ,

ನಿನ್ನೆ ಫೋನಿನಲ್ಲಿ ನೀನು ಕೇಳಿದಾಗ ನಾನು ಸುಮ್ಮನಾಗಿಬಿಟ್ಟೆ, ಅದಕ್ಕೆ ಈ ಪತ್ರ. ಜಿಮ್‌ನವರು ಈಗಲೇ ಕೆಲಸಕ್ಕೆ ಕರೆಯುತ್ತಿದ್ದಾರೆ, ಸ್ಟ್ರೆಂತ್ ಅಂಡ್ ಕಂಡೀಷನಿಂಗ್ ಅಂತ, ಆಟಗಾರರ ಮೈಬಲ ಹೆಚ್ಚಿಸಿ ಆಟಕ್ಕೆ ಹದಗೊಳಿಸುವ ವಿದ್ಯೆಯಲ್ಲಿ, ಇನ್ನೆರಡು ವರ್ಷ ಎಂ.ಎಸ್ಸಿ. ಓದಬೇಕಾ ಅಂದೆಯಲ್ಲ. ಓದು.

ನನ್ನ ಬಲಮಂಡಿ ನಿನಗೆ ಗೊತ್ತು. ಹೈಸ್ಕೂಲಿನಲ್ಲಿ ಕಬಡ್ಡಿ ಆಡುವಾಗ ನಮಗಿದ್ದ ತರಬೇತಿ ಅಂದರೆ ಮೈದಾನಕ್ಕೆ ಹತ್ತು ಸುತ್ತು, ನೂರು ಬಸ್ಕಿ, ತಪ್ಪು ಮಾಡಿದರೆ ಮತ್ತೆ ಐವತ್ತು. ನೆಗೆದು ಇಳಿಯುವಾಗ ನನ್ನ ಮಂಡಿ ಒಳಕ್ಕೆ ವಾಲುತ್ತಿತ್ತು, ಅದನ್ನು ನೋಡುವ ಕಣ್ಣು ಅಲ್ಲಿ ಯಾರಿಗೂ ಇರಲಿಲ್ಲ. ಒಂದು ದಿನ ರೈಡಿನಿಂದ ತಿರುಗುವಾಗ ಟಕ್ ಅಂತು, ಅಲ್ಲಿಗೆ ಆಟ ಮುಗಿಯಿತು. ಮಂಡಿಯೊಳಗೆ ಎಲುಬುಗಳನ್ನು ಹಿಡಿದಿಡುವ ನಾರುಪಟ್ಟಿಗೆ ಎಸಿಎಲ್ ಅನ್ನೋ ಹೆಸರಿದೆ ಅಂತ ನಾನು ಕೇಳಿದ್ದೇ ನಿನ್ನ ಬಾಯಿಂದ. ಓಡುತ್ತಾ ತಟ್ಟನೆ ದಿಕ್ಕು ಬದಲಿಸುವ ಆಟಗಳಲ್ಲಿ ಈ ಪೆಟ್ಟು ಹುಡುಗರಿಗಿಂತ ಹುಡುಗಿಯರಿಗೆ ಜಾಸ್ತಿ, ನೆಗೆದು ಇಳಿಯುವುದನ್ನು ಕಲಿಸಿ ತೊಡೆಯ ಹಿಂಭಾಗಕ್ಕೆ ಬಲ ಕೊಟ್ಟರೆ ಎಷ್ಟೋ ತಪ್ಪಿಸಬಹುದು ಅಂತ ನೀನು ಓದಿ ಹೇಳಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ತಾತನ ಗರಡಿಯಲ್ಲಿ ಹೊಸ ಹುಡುಗನ ಕೈಗೆ ಮೊದಲ ದಿನವೇ ಗದೆ ಕೊಡುತ್ತಿರಲಿಲ್ಲವಂತೆ. ಭಾರ ಮೆಲ್ಲಗೆ ಏರಬೇಕು ಅನ್ನೋದು ನಮ್ಮವರಿಗೂ ಗೊತ್ತಿತ್ತು. ಆದರೆ ಯಾರಿಗೆ ಎಷ್ಟು, ಯಾವ ವಾರ ಇಳಿಸಬೇಕು, ಪಂದ್ಯದ ಹಿಂದಿನ ದಿನ ಏನು ಮಾಡಿಸಬೇಕು, ಅದನ್ನು ಅಳೆದು ಹೇಳೋದು ನಿನ್ನ ಓದು. ಹೊಸ ಕೆಲಸ ಕಣೇ ಇದು. ಅಮೆರಿಕದ ನೆಬ್ರಾಸ್ಕಾ ವಿಶ್ವವಿದ್ಯಾಲಯ ಬಾಯ್ಡ್ ಎಪ್ಲಿ ಅವರನ್ನು ಇದಕ್ಕೇ ಅಂತ ಸಂಬಳಕ್ಕೆ ಇಟ್ಟುಕೊಂಡಿದ್ದು 1969ರಲ್ಲಿ. ಅವರೇ ಮುಂದೆ ನಿಂತು 1978ರಲ್ಲಿ ಶುರು ಮಾಡಿದ ಎನ್‌ಎಸ್‌ಸಿಎ ಅನ್ನೋ ತರಬೇತುದಾರರ ಸಂಸ್ಥೆಯದೇ, ಈ ಕೆಲಸಕ್ಕೆ ಅರ್ಹತಾಪತ್ರ ಕೊಡುವ, ನೀನು ಹೇಳುವ ಸಿಎಸ್‌ಸಿಎಸ್ ಪರೀಕ್ಷೆ.

ಆ ಪರೀಕ್ಷೆಗೆ ಎಂ.ಎಸ್ಸಿ. ಬೇಕಿಲ್ಲ, ಓದಿನ ಮಟ್ಟಿಗೆ ಡಿಗ್ರಿ ಇದ್ದರೆ ಸಾಕು, ನಿಜ. ಹಾಗಾದರೆ ಎರಡು ವರ್ಷ ಯಾಕೆ? ನಿನ್ನ ಕಣ್ಣು ಪಳಗಲಿ ಅಂತ. ಅದಕ್ಕೇ ಕಾಲೇಜು ಆರಿಸುವಾಗ ಕಟ್ಟಡ, ಮೆಷಿನ್ನು ನೋಡಿ ಮರುಳಾಗಬೇಡ. ಯಾವ ತಂಡದ ಜೊತೆ ಇಂಟರ್ನ್‌ಶಿಪ್, ಬೆಳಗ್ಗೆ ಎಷ್ಟು ಹೊತ್ತು ಮೈದಾನದಲ್ಲಿ ನಿಲ್ಲಿಸುತ್ತಾರೆ, ನೀನು ಬರೆದ ತರಬೇತಿ ಪ್ರೋಗ್ರಾಂ ಅನ್ನು ಕೂತು ತಿದ್ದುವವರು ಯಾರು, ಹುಡುಗಿಯರ ತಂಡ ಇದೆಯಾ, ಇವಿಷ್ಟು ಕೇಳು. ಸರಿಯಾಗಿ ಉತ್ತರ ಬರದಿದ್ದರೆ ಆ ಕಾಲೇಜು ಬಿಡು.

ಫೀಸಿನ ಚಿಂತೆ ನಿನಗೆ ಬೇಡ, ನಾನೂ ಅಪ್ಪನೂ ಮಾತಾಡಿದ್ದೇವೆ. ಶನಿವಾರದೊಳಗೆ ನೀನು ನೋಡಿಟ್ಟಿರುವ ಮೂರೂ ಕಾಲೇಜಿಗೆ ಫೋನ್ ಮಾಡಿ ಅವರು ಏನಂದರು ಅಂತ ನನಗೆ ಹೇಳು.

ನಿನ್ನ
ಅಮ್ಮ