ಸ್ಟೆಂಟ್ ನಂತರದ ಎದೆನೋವು: ಕನ್ನಡದಲ್ಲಿ ತಿಳಿವಳಿಕೆ ಹಾಳೆ ಕೊಡಿ

ಮಾನ್ಯ ಸಂಪಾದಕರೇ,

ಹೃದಯಕ್ಕೆ ಸ್ಟೆಂಟ್ (ಕಟ್ಟಿಕೊಂಡ ರಕ್ತನಾಳವನ್ನು ತೆರೆದಿಡುವ ಸಣ್ಣ ಜಾಲರಿ ಕೊಳವೆ) ಹಾಕಿಸಿಕೊಂಡು ಬಂದವರು ಈಗ ಮಲೆನಾಡಿನ ಊರೂರಲ್ಲೂ ಇದ್ದಾರೆ. ಮನೆಗೆ ಮರಳಿದ ಮೇಲೆ ಎದೆಯಲ್ಲಿ ನೋವು ಕಾಣಿಸಿದರೆ ಏನೆಂದು ತಿಳಿಯಬೇಕೆಂಬುದನ್ನು ಮಾತ್ರ, ನಾನು ಕಂಡಂತೆ, ಯಾರೂ ಅವರಿಗೆ ಬಿಡಿಸಿ ಹೇಳಿರುವುದಿಲ್ಲ. ಡಿಸ್ಚಾರ್ಜ್ ಚೀಟಿ ಇಂಗ್ಲಿಷಿನಲ್ಲಿರುತ್ತದೆ. ಹೀಗಾಗಿ ಕೆಲವರು ಸಣ್ಣ ಚುಚ್ಚುನೋವಿಗೂ ಕಂಗಾಲಾಗುತ್ತಾರೆ; ಉಳಿದವರು ‘ಸ್ಟೆಂಟ್ ಇದೆಯಲ್ಲ, ಇದು ಗ್ಯಾಸ್ಟ್ರಿಕ್’ ಎಂದು ಜೀರಿಗೆ ಕಷಾಯ ಕುಡಿದು ಮಲಗುತ್ತಾರೆ. ಹೆಚ್ಚು ಅಪಾಯ ಈ ಎರಡನೆಯವರಿಗೇ.

ಬಲೂನಿನಿಂದ ರಕ್ತನಾಳದ ಗೋಡೆಯನ್ನು ಹಿಗ್ಗಿಸಿ ಸ್ಟೆಂಟ್ ಕೂರಿಸುವುದರಿಂದ, ಮೊದಲ ಕೆಲವು ದಿನ ಕುಳಿತರೂ ನಡೆದರೂ ಒಂದೇ ತೆರನಾಗಿರುವ ಮಂದ ನೋವು ಕೆಲವರಿಗೆ ಇರುತ್ತದೆ. ಒತ್ತಿದಾಗ ಅಥವಾ ಮಗ್ಗುಲು ಬದಲಿಸಿದಾಗ ಹೆಚ್ಚುವ ನೋವು ಬಹುಮಟ್ಟಿಗೆ ಸ್ನಾಯುವಿನದು. ಆಸ್ಪಿರಿನ್‌ನಿಂದ ಎದೆಯುರಿಯೂ ಬರಬಹುದು. ಆದರೂ ಇವನ್ನು ತಾವೇ ತೀರ್ಮಾನಿಸಿಕೊಳ್ಳದೆ ವೈದ್ಯರಿಗೆ ತಿಳಿಸುವುದು ಒಳ್ಳೆಯದು.

ನಮ್ಮಲ್ಲಿ ತೋಟ ಕೆಳಗೆ, ಮನೆ ಮೇಲೆ. ಆ ಏರು ಹತ್ತುವಾಗ ಎದೆ ಬಿಗಿದು, ನಿಂತು ಸುಧಾರಿಸಿಕೊಂಡೊಡನೆ ಸಡಿಲವಾಗುವುದಾದರೆ ಅದನ್ನು ಗ್ಯಾಸ್ ಎನ್ನಬಾರದು. ಸ್ಟೆಂಟ್ ಹಾಕಿದ ಜಾಗ ಕೆಲವು ತಿಂಗಳಲ್ಲಿ ಮತ್ತೆ ಕಿರಿದಾಗಿರಬಹುದು, ಬೇರೊಂದು ನಾಳದಲ್ಲಿ ಅಡಚಣೆ ಇರಬಹುದು, ಆಂಜಿಯೋಗ್ರಾಮಿನಲ್ಲಿ (ರಕ್ತನಾಳಗಳ ಎಕ್ಸ್-ರೇ ಚಿತ್ರದಲ್ಲಿ) ಕಾಣದಷ್ಟು ಸಣ್ಣ ನಾಳಗಳ ತೊಂದರೆಯೂ ಆಗಿರಬಹುದು. ಸುಮ್ಮನೆ ಮಲಗಿಸಿ ತೆಗೆದ ಇಸಿಜಿ ಸರಿಯಿದ್ದ ಮಾತ್ರಕ್ಕೆ ಇವು ಇಲ್ಲವೆಂದಲ್ಲ. ಅಡಿಕೆ ಕೊಯ್ಲು ಮುಗಿಯಲಿ ಎಂದು ಕಾಯುವ ನಮ್ಮ ಬೆಳೆಗಾರರ ಅಭ್ಯಾಸ ಇಲ್ಲಿ ಸಲ್ಲದು.

ವಿಶ್ರಾಂತಿಯಲ್ಲಿದ್ದಾಗಲೇ ನೋವು ಬಂದು ಕೆಲವು ನಿಮಿಷಗಳಲ್ಲಿ ಇಳಿಯದಿದ್ದರೆ, ಜೊತೆಗೆ ಬೆವರು, ಉಬ್ಬಸ, ತೋಳು ಅಥವಾ ದವಡೆಗೆ ಹರಡುವ ನೋವು ಇದ್ದರೆ, ಕೂಡಲೇ 108ಕ್ಕೆ ಕರೆ ಮಾಡಬೇಕು. ಸಕ್ಕರೆ ಕಾಯಿಲೆಯವರಲ್ಲಿ ಹಾಗೂ ಹೆಂಗಸರಲ್ಲಿ ನೋವಿಲ್ಲದೆ ಬರಿಯ ಸುಸ್ತು, ಏದುಸಿರು ಮಾತ್ರ ಕಾಣಬಹುದು. ಸ್ಟೆಂಟ್‌ನೊಳಗೆ ರಕ್ತ ಹೆಪ್ಪುಗಟ್ಟಲು ಒಂದು ಮುಖ್ಯ ಕಾರಣ, ಹಾಗಾಗದಂತೆ ತಡೆಯಲು ಕೊಟ್ಟ ಮಾತ್ರೆ ನಿಲ್ಲಿಸುವುದು. ಆಸ್ಪಿರಿನ್ ಜೊತೆ ಕ್ಲೋಪಿಡೋಗ್ರೆಲ್ ಅಥವಾ ಟಿಕಾಗ್ರೆಲರ್ ಅನ್ನು ಸಾಮಾನ್ಯವಾಗಿ 6ರಿಂದ 12 ತಿಂಗಳು ಕೊಡುತ್ತಾರೆ. ಹಲ್ಲು ಕೀಳಿಸಲೆಂದೋ, ನಾಟಿ ಔಷಧಿ ನಂಬಿಯೋ ಹೃದ್ರೋಗ ತಜ್ಞರನ್ನು ಕೇಳದೆ ಬಿಡುವಂತಿಲ್ಲ. ಟಿಕಾಗ್ರೆಲರ್‌ನಿಂದಲೇ ಕೆಲವರಿಗೆ ಉಸಿರು ಕಟ್ಟಿದಂತಾಗುತ್ತದೆ. ಆಗಲೂ ಮಾತ್ರೆ ಬದಲಿಸಬೇಕಾದವರು ವೈದ್ಯರೇ.

ಹೊಸನಗರ, ಆಗುಂಬೆ ಕಡೆಯ ಹಳ್ಳಿಗಳಿಂದ ಶಿವಮೊಗ್ಗ ತಲುಪುವುದೇ ದೊಡ್ಡ ಪ್ರಯಾಣ. ಹೃದಯ ಜ್ಯೋತಿ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆದು ತಜ್ಞರ ಸಲಹೆ ಪಡೆಯುವ ಏರ್ಪಾಡು ಇರುವುದರಿಂದ, ಮೊದಲು ಅಲ್ಲಿಗೆ ಹೋಗಬೇಕೆಂಬುದೂ ಜನರಿಗೆ ಗೊತ್ತಾಗಬೇಕು. ಸ್ಟೆಂಟ್ ಹಾಕುವ ಆಸ್ಪತ್ರೆಗಳು ಇಷ್ಟನ್ನು ಒಂದು ಪುಟದಲ್ಲಿ, ದೊಡ್ಡ ಅಕ್ಷರದ ಕನ್ನಡದಲ್ಲಿ ಮುದ್ರಿಸಿ ಕೊಡುವಂತೆ ಜಿಲ್ಲಾ ಆರೋಗ್ಯ ಇಲಾಖೆ ಸೂಚಿಸಲಿ. ಮೊಬೈಲಿಗೆ ಕಳಿಸಿದರೆ ಸಾಲದು; ಮಳೆಗಾಲದಲ್ಲಿ ಕರೆಂಟ್ ಹೋದರೆ ನಮ್ಮಲ್ಲಿ ನೆಟ್‌ವರ್ಕ್ ಕೂಡ ಇರುವುದಿಲ್ಲ.

– ಒಬ್ಬ ಅಡಿಕೆ ಬೆಳೆಗಾರ, ಹೊಸನಗರ ತಾಲ್ಲೂಕು