ವಿಡಿಯೋ ನೋಡೋದು ಬೇರೆ, ವಿಡಿಯೋ ಕಳ್ಸಿ ತಪ್ಪು ಹೇಳಿಸ್ಕೊಳ್ಳೋದು ಬೇರೆ

ಮಾನ್ಯ ಸಂಪಾದಕರೇ,

ಹೋದ ವಾರ ನಿಮ್ಮ ಓದುಗರ ಪತ್ರದಲ್ಲಿ ಹಿರಿಯರೊಬ್ರು ಬರ್ದಿದ್ರು, ಮೊಬೈಲ್ ನೋಡ್ಕೊಂಡು ಸಂಗೀತ ಕಲಿಯೋದು ಕನ್ನಡಿಯೊಳಗಿನ ಗಂಟಿದ್ದ ಹಾಗೆ, ಕಣ್ಣಿಗೆ ಕಾಣುತ್ತೆ ಕೈಗೆ ಸಿಗಲ್ಲ ಅಂತ. ಓದಿದ ತಕ್ಷಣ ಸಿಟ್ಟು ಬಂತು. ಕಾಫಿ ಕುಡಿದ್ಮೇಲೆ ಅನ್ನಿಸ್ತು, ಅವ್ರು ಹೇಳಿದ್ರಲ್ಲಿ ಅರ್ಧ ಸರಿ ಇದೆ, ಯಾಕಂದ್ರೆ ಎರಡು ವರ್ಷ ನಾನೂ ಆ ಗಂಟಿಗೆ ಕೈ ಹಾಕ್ತೀನಿ ಅಂತ ಕನ್ನಡಿ ಒರೆಸ್ತಾ ಕೂತಿದ್ದೋನೇ. ಉಳಿದ ಅರ್ಧದ ಬಗ್ಗೆ ಬರಿಯೋಣ ಅಂತ ಕೂತಿದೀನಿ, ಉದ್ದ ಆಯ್ತು ಅನ್ನಿಸಿದ್ರೆ ನೀವೇ ಕತ್ತರಿ ಹಾಕಿ.

ನಾನು ಸುಂಟಿಕೊಪ್ಪ ಕಡೆ ಒಂದು ಕಾಫಿ ತೋಟದಲ್ಲಿ ರೈಟರ್. ಕೊಡಗಿನವ್ರಿಗೆ ಗೊತ್ತು, ಬೇರೆ ಊರಿನ ಓದುಗರಿಗೆ ಹೇಳ್ಬೇಕಂದ್ರೆ ಈ ರೈಟರ್ ಕತೆ ಬರ್ಯೋನಲ್ಲ, ಬೆಳಿಗ್ಗೆ ಹಾಜರಿ ತಗೊಂಡು ಯಾರು ಚಿಗುರು ತೆಗೀಬೇಕು ಯಾರು ಗಿಡಕ್ಕೆ ಬೋರ್ಡೋ ಔಷಧಿ ಹೊಡೀಬೇಕು ಅಂತ ಹೇಳಿ ವಾರದ ಕೊನೆಗೆ ಸಂಬಳದ ಲೆಕ್ಕ ಬರ್ಯೋನು. ವಯಸ್ಸು 47. ಸಾಯಂಕಾಲ ಆರರ ಮೇಲೆ ಗಿಟಾರ್ ಹಿಡೀತೀನಿ. ಅದೂ ಸಿನಿಮಾ ಹಾಡಿಗಲ್ಲ, ಅಮೆರಿಕದ ಬೆಟ್ಟದ ಕಡೆಯವ್ರ ಬ್ಲೂಗ್ರಾಸ್ ಅನ್ನೋ ಸಂಗೀತಕ್ಕೆ, ಅದ್ರಲ್ಲಿ ಫ್ಲಾಟ್‌ಪಿಕ್ಕಿಂಗ್ ಅಂತ ಒಂದು ಶೈಲಿ. ನಮ್ಮ ಮನೆಯವ್ಳು ನೆಂಟರಿಗೆಲ್ಲ 'ಇವ್ರು ಸಂಜೆ ಆದ್ರೆ ಟಿಕ್ ಟಿಕ್ ಅಂತ ಏನೋ ಕೊರೀತಾರೆ' ಅಂತ ಪರಿಚಯ ಮಾಡ್ಸೋದು.

ಈ ಬ್ಲೂಗ್ರಾಸ್ ಅನ್ನೋದು ನಮ್ಮ ಕೊಡವರು ದುಡಿ ಅನ್ನೋ ಸಣ್ಣ ಚರ್ಮವಾದ್ಯ ಹೊಡ್ಕೊಂಡು ಹಾಡೋ ದುಡಿಕೊಟ್ಟ್ ಪಾಟ್ ತರ ಅಜ್ಜಂದಿರ ಕಾಲದ್ದಲ್ಲ. ಕೆಂಟಕಿ ರಾಜ್ಯದ ಬಿಲ್ ಮನ್ರೋ ಅನ್ನೋರು ತಮ್ಮ ತಂಡಕ್ಕೆ ಊರಿನ ನೆನಪಿಗೆ ಬ್ಲೂ ಗ್ರಾಸ್ ಬಾಯ್ಸ್ ಅಂತ ಹೆಸ್ರಿಟ್ರು, 1945ರ ಕೊನೆಗೆ ಅರ್ಲ್ ಸ್ಕ್ರಗ್ಸ್ ಅನ್ನೋ ಹುಡುಗ ಬ್ಯಾಂಜೋ ಹಿಡ್ಕೊಂಡು ಸೇರಿದ್ಮೇಲೆ ಈಗ ನಾವು ಕೇಳೋ ಆ ಓಟದ ಶಬ್ದ ಬಂತು, ತಂಡದ ಹೆಸ್ರೇ ಸಂಗೀತದ ಹೆಸ್ರೂ ಆಯ್ತು. ತಮಾಷೆ ಅಂದ್ರೆ ಅದ್ರಲ್ಲಿ ಡೋಲು ಡ್ರಮ್ಮು ಯಾವ್ದೂ ಇಲ್ಲ, ಮ್ಯಾಂಡೊಲಿನ್‌ನೋರು ತಂತಿ ಒತ್ತಿ 'ಚಕ್' ಅಂತ ಕಡೀತಾರಲ್ಲ ಅದೇ ಅವ್ರ ಡೋಲು. ಗಿಟಾರ್ ಮೊದ್ಲೆಲ್ಲ ಹಿಂದೆ ನಿಂತು 'ಬೂಮ್ ಚಕ್ ಬೂಮ್ ಚಕ್' ಅಂತ ತಾಳ ಕೊಡೋಕಷ್ಟೇ. ಅದನ್ನ ಮುಂದೆ ತಂದವ್ರಲ್ಲಿ ದೊಡ್ಡವ್ರು ಡಾಕ್ ವಾಟ್ಸನ್. ಹುಟ್ಟಿದ್ದು 1923ರಲ್ಲಿ ನಾರ್ತ್ ಕ್ಯಾರೊಲಿನಾದ ಬೆಟ್ಟದಲ್ಲಿ, ಕೂಸಾಗಿದ್ದಾಗ್ಲೇ ಕಣ್ಣು ಹೋಯ್ತು. 1950ರ ದಶಕದಲ್ಲಿ ಒಂದು ಡ್ಯಾನ್ಸ್ ಬ್ಯಾಂಡಲ್ಲಿ ಗಿಟಾರ್ ನುಡಿಸ್ತಿದ್ರು, ಜನ ಕುಣಿಯೋಕೆ ಪಿಟೀಲಿನ ಟ್ಯೂನ್ ಕೇಳೋರು, ತಂಡದಲ್ಲಿ ಪಿಟೀಲಿನೋರು ಇಲ್ಲ, ಇವ್ರೇ ಗಿಟಾರಲ್ಲಿ ನುಡ್ಸೋಕೆ ಶುರು ಮಾಡಿದ್ರು. ಇಲ್ಲದ ಪಿಟೀಲಿನ ಜಾಗ ತುಂಬ್ಸೋಕೆ ಹೋಗಿ ಬೆಳೆದ ವಿದ್ಯೆ ಇದು.

ಕಷ್ಟ ಎಲ್ಲಿರೋದು ಅಂದ್ರೆ, ಪಿಟೀಲಲ್ಲಿ ಕಮಾನು ಒಂದ್ಸಲ ಎಳೆದ್ರೆ ನಾಲ್ಕು ಸ್ವರ ಜಾರ್ಕೊಂಡು ಬರುತ್ತೆ. ಗಿಟಾರಲ್ಲಿ ಹಾಗಿಲ್ಲ, ಒಂದೊಂದು ಸ್ವರಕ್ಕೂ ಒಂದೊಂದು ಏಟು, ಪಿಕ್ ಅನ್ನೋ ಒಂದೂವರೆ ಮಿಲಿಮೀಟರ್ ದಪ್ಪದ ಒಂದು ಸಣ್ಣ ಬಿಲ್ಲೆಯಲ್ಲಿ, ಉಕ್ಕಿನ ತಂತಿ ಮೇಲೆ. ನುರಿತವ್ರು ಜೋರಾಗಿ ನುಡ್ಸುವಾಗ ಬೀಟು ನಿಮಿಷಕ್ಕೆ 200 ದಾಟುತ್ತೆ, ಒಂದು ಬೀಟಿಗೆ ಎರಡು ಸ್ವರ, ಲೆಕ್ಕ ನೀವೇ ಹಾಕ್ಕೊಳ್ಳಿ.

ಎರಡು ವರ್ಷ ನಾನು ಫ್ರೀ ವಿಡಿಯೋ ನೋಡಿದೆ. ಎಷ್ಟು ನೋಡಿದೆ ಅಂದ್ರೆ ಯಾವ ವಿಡಿಯೋದಲ್ಲಿ ಯಾರ ಹಿಂದೆ ನಾಯಿ ಮಲಗಿದೆ ಅಂತ ಸಹ ಹೇಳಬಲ್ಲೆ. ಒಂದು ಟ್ಯೂನ್ ಅರ್ಧ ಬಂದ ಕೂಡ್ಲೆ ಪಕ್ಕದಲ್ಲಿ ಇನ್ನೊಂದು ಕಾಣ್ಸುತ್ತೆ, ಅದಕ್ಕೆ ಹಾರೋದು, ಹೀಗೆ ಇಪ್ಪತ್ತು ಟ್ಯೂನಿನ ಮೊದಲರ್ಧ ಬರೋದು ಒಂದೂ ಪೂರ್ತಿ ಇಲ್ಲ. ನಿಧಾನಕ್ಕೆ ನುಡಿಸಿದ್ರೆ ಚೆನ್ನಾಗೇ ಕೇಳ್ಸುತ್ತೆ, 90 ದಾಟ್ತು ಅಂದ್ರೆ ಕೈ ಗಂಟು ಬೀಳುತ್ತೆ. ಬೆರಳು ದಪ್ಪ ಅಂದ್ಕೊಂಡೆ, ವಯಸ್ಸಾಯ್ತು ಅಂದ್ಕೊಂಡೆ, ಗಿಟಾರ್ ಸರಿ ಇಲ್ಲ ಅಂತ ಮೈಸೂರಿಗೆ ಹೋಗಿ ಬೇರೆ ತಂದೆ. ಹೊಸ ಗಿಟಾರಲ್ಲೂ ಅದೇ ಗಂಟು. ಪತ್ರ ಬರ್ದ ಹಿರಿಯರು ಹೇಳಿದ್ದು ಇಲ್ಲಿ ನೂರಕ್ಕೆ ನೂರು ಸರಿ, ವಿಡಿಯೋ ನಮ್ಮನ್ನ ನೋಡಲ್ಲ, ನಾವು ಮಾತ್ರ ಅದನ್ನ ನೋಡ್ತೀವಿ.

ಆಮೇಲೆ ಅಮೆರಿಕದ ಒಬ್ಬ ಮೇಷ್ಟ್ರ ಹತ್ರ ದುಡ್ಡು ಕಟ್ಟಿ ಸೇರ್ದೆ. ನಮ್ಮ ಬ್ಯಾಂಕ್ ಕಾರ್ಡು ಡಾಲರ್ ಅಂದ್ರೆ ಬೆಚ್ಚಿ ಬೀಳುತ್ತೆ, ತಂಗಿ ಮಗ ಬೆಂಗಳೂರಲ್ಲಿದಾನೆ, ಅವನ ಕಾರ್ಡಲ್ಲಿ ಕಟ್ಸಿ ಕಾಳುಮೆಣಸು ಮಾರಿದ್ಮೇಲೆ ಅವನಿಗೆ ಕೊಡೋದು. ಅಲ್ಲಿ ಪದ್ಧತಿ ಏನಂದ್ರೆ ಪಾಠದ ವಿಡಿಯೋ ಇರುತ್ತೆ, ಅದನ್ನ ನೋಡಿ ಅಭ್ಯಾಸ ಮಾಡಿ ನಾವು ನುಡ್ಸೋದನ್ನ ರೆಕಾರ್ಡ್ ಮಾಡಿ ಕಳಿಸ್ಬೇಕು, ಮೇಷ್ಟ್ರು ಅದನ್ನ ನೋಡಿ ನಮಗೆ ಅಂತಲೇ ಇನ್ನೊಂದು ವಿಡಿಯೋ ಮಾಡಿ ಕಳಿಸ್ತಾರೆ. ನೇರ ವಿಡಿಯೋ ಕಾಲಲ್ಲೇ ಕಲೀಬಹುದಲ್ಲ ಅಂತ ಕೇಳ್ತಾರೆ. ಮಾತಾಡೋಕೆ ಆಗುತ್ತೆ, ಒಟ್ಟಿಗೆ ನುಡಿಸೋಕೆ ಆಗಲ್ಲ, ಶಬ್ದ ಹೋಗಿ ಬರೋವಷ್ಟರಲ್ಲಿ ತಾಳ ಹಿಂದೆ ಬಿದ್ದಿರುತ್ತೆ, ಬೇಕಿದ್ರೆ ಬೆಂಗಳೂರಲ್ಲಿರೋ ಮಗಳ ಜೊತೆ ವಿಡಿಯೋ ಕಾಲಲ್ಲಿ ಚಪ್ಪಾಳೆ ತಟ್ಟಿ ನೋಡಿ. ಜೊತೆಗೆ ನಮಗೂ ಅವ್ರಿಗೂ ಒಂಬತ್ತೂವರೆ ಗಂಟೆ ವ್ಯತ್ಯಾಸ, ಚಳಿಗಾಲದಲ್ಲಿ ಹತ್ತೂವರೆ, ಅವ್ರು ಗಡಿಯಾರದ ಮುಳ್ಳನ್ನೇ ತಿರುಗಿಸ್ತಾರಲ್ಲ. ನಾನು ಸಂಜೆ ಆರಕ್ಕೆ ಕಳಿಸಿದ್ರೆ ಅವ್ರಿಗೆ ಬೆಳಗಿನ ಕಾಫಿ ಹೊತ್ತು.

ಮೊದಲ್ನೇ ಉತ್ತರ ಬರೋಕೆ ನಾಲ್ಕು ದಿನ. ಮಗಳೇ ಅರ್ಥ ಹೇಳಿದ್ಳು, ಆ ಬೆಟ್ಟದ ಇಂಗ್ಲಿಷ್ ನನ್ನ ಕಿವಿಗೆ ಹತ್ತಲ್ಲ. 'ಅಪ್ಪ, ತುಂಬಾ ಚೆನ್ನಾಗಿದೆ ಅಂತಿದಾರೆ' ಅಂದ್ಳು, ನಾನು ಉಬ್ಬಿಹೋದೆ. ಆಮೇಲೆ ತಿಳೀತು ಆ ಜನ ಮೂರು ಸಲ ಹೊಗಳಿ ಆಮೇಲೆ 'ಆದ್ರೆ' ಅಂತಾರೆ, ಪಾಠ ಶುರುವಾಗೋದು ಆ 'ಆದ್ರೆ'ಯಿಂದ. ನಮ್ಮ ಮೇಷ್ಟ್ರುಗಳಾದ್ರೆ ನೇರ ಅಲ್ಲಿಂದಲೇ ಶುರು ಮಾಡಿರೋರು. ಅವ್ರು ಹೇಳಿದ್ದು ಇಷ್ಟೇ, ನಿನ್ನ ಎಡಗೈಲಿ ತೊಂದರೆ ಇಲ್ಲ, ಮುಂದಿನ ಸಲ ಕ್ಯಾಮೆರಾ ಬಲಗೈ ಹತ್ರ ಇಟ್ಟು ಬರೀ ಆ ಕೈ ಕಳಿಸು.

ಕಳಿಸ್ದೆ. ಆಗ ಸಿಕ್ತು. ತಕ ತಕ ಅಂತ ನಡೆ ಇಟ್ಕೊಂಡ್ರೆ 'ತ'ಗೆ ಪಿಕ್ ಕೆಳಕ್ಕೆ, 'ಕ'ಗೆ ಮೇಲಕ್ಕೆ, ಇದು ನಿಯಮ. ನಾನು ಒಂದು ತಂತಿಯಿಂದ ಇನ್ನೊಂದಕ್ಕೆ ಹೋಗುವಾಗ ಎರಡು ಸಲ ಕೆಳಕ್ಕೇ ಹೊಡೀತಿದ್ದೆ, ನನಗೆ ಗೊತ್ತೇ ಇಲ್ಲ. ಇನ್ನೂ ದೊಡ್ಡ ತಪ್ಪು, ಉದ್ದದ ಸ್ವರ ಬಂದಾಗ ಕೈ ನಿಲ್ಲಿಸ್ಬಿಡ್ತಿದ್ದೆ. ನಿಲ್ಲಿಸ್ಬಾರ್ದು. 'ಕ'ಗೆ ಸ್ವರ ಇಲ್ದಿದ್ರೂ ಕೈ ತಂತಿ ಮುಟ್ಟದೆ ಖಾಲಿ ಮೇಲಕ್ಕೆ ಹೋಗ್ಬೇಕು, ಹಾಗಾದ್ರೆ ಮುಂದಿನ 'ತ'ಗೆ ತಾನಾಗೇ ಕೆಳಕ್ಕೆ ಬರುತ್ತೆ. ತೋಟದಲ್ಲಿ ಕಳೆ ಕಡಿಯೋರು ಕತ್ತಿ ಬೀಸೋದು ನೋಡಿ, ಗಿಡ ಸಿಕ್ಲಿ ಬಿಡ್ಲಿ ಕೈ ಹೋಗಿ ಬರ್ತಾನೇ ಇರುತ್ತೆ, ನಡುವೆ ನಿಲ್ಸಿ ನಿಲ್ಸಿ ಬೀಸೋನು ಹತ್ತು ಗಂಟೆಗೇ ಸುಸ್ತು. 25 ವರ್ಷದಿಂದ ದಿನಾ ಅದನ್ನ ನೋಡ್ತಾ ನಿಂತವ್ನಿಗೆ ಇದು ಹೊಳೀಲಿಲ್ಲ.

ಇಲ್ಲೊಂದು ವಿಷ್ಯ ಹೇಳ್ಲೇಬೇಕು, ಸ್ವಲ್ಪ ನಾಚಿಕೆ ಆದ್ರೂ. ನಮ್ಮ ತೋಟದ ಕೆಲಸದವ್ರು ಇರೋ ಲೈನ್‌ಮನೆಯಲ್ಲಿ ಒಬ್ಬ ಅಜ್ಜ ಇದಾರೆ, ಮೊದ್ಲು ಮದುವೆಗಳಿಗೆ ವಾಲಗದ ಜೊತೆ ಡೋಲು ಹೊಡಿಯೋಕೆ ಹೋಗ್ತಿದ್ರು. ನಾನು ಅಮೆರಿಕದವ್ರ ಹತ್ರ ಸೇರೋಕೆ ಒಂದು ವರ್ಷ ಮುಂಚೆ ಅವ್ರು ಅಡ್ವಾನ್ಸ್ ಕೇಳೋಕೆ ಬಂದು ಜಗಲಿಯಲ್ಲಿ ಕೂತಿದ್ರು, ನಾನು ನುಡಿಸ್ತಿದ್ದೆ. 'ರೈಟ್ರೇ, ಎಡಗೈ ಓಡ್ತದೆ, ಬಲಗೈ ಕುಂಟ್ತದೆ' ಅಂದ್ರು. ದುಡ್ಡು ಕೇಳೋಕೆ ಬಂದವ್ರು ಏನೋ ಮಾತು ತೆಗೀತಿದಾರೆ ಅಂದ್ಕೊಂಡು ಐನೂರು ಕೊಟ್ಟು ಕಳಿಸ್ದೆ. ಅದೇ ಮಾತು ಡಾಲರ್ ಕೊಟ್ಟು ಇಂಗ್ಲಿಷಲ್ಲಿ ಕೇಳ್ದಾಗ ನಂಬಿದೆ. ಆದ್ರೂ ನ್ಯಾಯವಾಗಿ ಹೇಳ್ಬೇಕಂದ್ರೆ ಎರಡೂ ಒಂದೇ ಅಲ್ಲ. ಕುಂಟುತ್ತೆ ಅಂತ ಅಜ್ಜನಿಗೆ ಕಿವಿಯಲ್ಲೇ ಗೊತ್ತಾಯ್ತು, ಯಾವ ಸ್ವರದಲ್ಲಿ ಯಾಕೆ ಕುಂಟುತ್ತೆ ಅಂತ ಹೇಳೋಕೆ ಆ ವಾದ್ಯ ಹಿಡಿದು ಕೈ ಸವೆಸಿದವ್ರೇ ಬೇಕು.

ಅಲ್ಲಿಂದ ಮೂರು ತಿಂಗಳು ಒಂದೇ ಟ್ಯೂನು. ಅದ್ರ ಅಳತೆ ಸುಲಭ, ನಾಲ್ಕು ಬೀಟಿನ ಸುತ್ತು ಎಂಟು ಸೇರಿದ್ರೆ ಒಂದು ಭಾಗ, ಅದು ಎರಡು ಸಲ, ಅಷ್ಟೇ ಉದ್ದದ ಇನ್ನೊಂದು ಭಾಗ ಎರಡು ಸಲ, ಒಟ್ಟು 32 ಸುತ್ತು. ಟಿಕ್ ಟಿಕ್ ಅಂತ ತಾಳ ಕೊಡೋ ಮೆಟ್ರೋನೋಮನ್ನ 60ಕ್ಕೆ ಇಟ್ಟು ನುಡ್ಸು ಅಂದ್ರು ಅಮೆರಿಕದ ಮೇಷ್ಟ್ರು. ಆಮೇಲೆ ಆ ಟಿಕ್ಕನ್ನ ಒಂದು ಮೂರನೇ ಬೀಟಿಗೆ ಅಲ್ಲ, ಎರಡು ನಾಲ್ಕನೇ ಬೀಟಿಗೆ ಕೇಳಿಸ್ಕೋ ಅಂದ್ರು, ಅಂದ್ರೆ ಆ ಮ್ಯಾಂಡೊಲಿನ್ 'ಚಕ್' ಬೀಳೋ ಜಾಗಕ್ಕೆ. ಮಾಡಿ ನೋಡಿ, ತಲೆ ತಿರುಗುತ್ತೆ. ಸುಲಭದ ಕಡೆ ಓಡ್ತೀಯ ಕಷ್ಟದ ಕಡೆ ಎಳೀತೀಯ ಅಂದ್ರು ಒಂದ್ಸಲ, ಅದಕ್ಕೆ ಮನೆಯವ್ಳು 'ಪಾಪ ಅಷ್ಟು ದೂರದವ್ರಿಗೂ ಗೊತ್ತಾಯ್ತಲ್ಲ ಇವ್ರ ಸ್ವಭಾವ' ಅಂದ್ಳು. ಈಗ 140ಕ್ಕೆ ಗಂಟು ಬೀಳದೆ ಬರುತ್ತೆ. 200 ಈ ಜನ್ಮದಲ್ಲಿ ಬರಲ್ಲ, ಬೇಜಾರಿಲ್ಲ.

ಹಳೇ ಕಾಲದವ್ರು ಇನ್ನೂ ಕಷ್ಟಪಟ್ಟಿದಾರೆ. ನಿಮಿಷಕ್ಕೆ 33 ಸುತ್ತಿನ ಎಲ್‌ಪಿ ರೆಕಾರ್ಡನ್ನ 16ರ ವೇಗಕ್ಕೆ ಹಾಕಿ ಕೇಳೋರಂತೆ, ವೇಗ ಅರ್ಧ ಆಗುತ್ತೆ, ಶ್ರುತಿ ಒಂದು ಸ್ಥಾಯಿ ಕೆಳಗಿಳಿಯುತ್ತೆ, ಗಿಟಾರ್ ಎಮ್ಮೆ ತರ ಕೇಳ್ಸುತ್ತೆ, ಆದ್ರೂ ಸ್ವರ ಸಿಗುತ್ತೆ. ಈಗ ಮೊಬೈಲಲ್ಲಿ ಶ್ರುತಿ ಹಾಗೇ ಇಟ್ಟು ವೇಗ ಮಾತ್ರ ಇಳಿಸ್ಬಹುದು. ಸೌಕರ್ಯ ಹೆಚ್ಚಿದೆ ನಿಜ, ಆದ್ರೆ ಅವ್ರಿಗೂ ಶನಿವಾರ ಯಾರದಾದ್ರೂ ಮನೆ ಜಗಲಿಯಲ್ಲಿ ಒಟ್ಟಿಗೆ ಕೂತು ನುಡ್ಸುವಾಗ ಪಕ್ಕದವ್ನು ಮೊಣಕೈಲಿ ತಿವಿದು ತಪ್ಪು ಹೇಳ್ತಿದ್ದ. ಆ ತಿವಿತ ಬೇಕು ಸ್ವಾಮಿ. ನನ್ನದು ನಾಲ್ಕು ದಿನ ತಡ ಆಗಿ ಬರುತ್ತೆ ಅಷ್ಟೇ.

ಕೊಡಗಲ್ಲಿ ಕೂತು ಇದನ್ನ ಕಲಿಯೋದ್ರ ಪಾಡು ಬೇರೆ. ಗಿಟಾರಿನ ಮರಕ್ಕೆ ಗಾಳಿಯ ತೇವ 45ರಿಂದ 55 ಪರ್ಸೆಂಟ್ ಇರ್ಬೇಕಂತೆ, ನಮ್ಮಲ್ಲಿ ಜುಲೈ ತಿಂಗಳಲ್ಲಿ ಗೋಡೆನೇ ಬೆವರುತ್ತೆ. ಮುಖದ ಹಲಗೆ ಉಬ್ಬಿ ತಂತಿ ಎತ್ತರ ಆಗಿ ಬೆರಳು ಹರಿಯುತ್ತೆ, ತಂತಿ ಮೂರು ವಾರಕ್ಕೆ ತುಕ್ಕು, ಕೇಸಿನ ಒಳಗೆ ಬೂಷ್ಟು. ಅಲ್ಮೇರದಲ್ಲಿ ಸಣ್ಣ ಬಲ್ಬು ಉರಿಸಿ ಅದ್ರೊಳಗೆ ಇಡ್ತೀನಿ, ಮದುವೆ ಸೀರೆಗಳ ಪಕ್ಕ, ಅದಕ್ಕೂ ಮಾತು ಕೇಳಿದೀನಿ. ಮರ ಲೈನ್ ಮೇಲೆ ಬಿದ್ರೆ ಮೂರು ದಿನ ಕರೆಂಟಿಲ್ಲ, ಬಲ್ಬೂ ಇಲ್ಲ. ನೆಟ್‌ವರ್ಕ್ ಅಂತೂ ಮನೆಯಲ್ಲಿ ಬರಲ್ಲ, ವಿಡಿಯೋ ಕಳಿಸ್ಬೇಕಂದ್ರೆ ಬಾಣೆ ಅಂದ್ರೆ ಮೇಲಿನ ಗುಡ್ಡದ ಜಾಗದಲ್ಲಿರೋ ದೊಡ್ಡ ಸಿಲ್ವರ್ ಓಕ್ ಮರದ ಬುಡಕ್ಕೆ ಹೋಗ್ಬೇಕು, ರಾತ್ರಿ ಹೊತ್ತು ಆನೆ ಭಯ, ಅದಕ್ಕೆ ಸಂಜೆ ಆರಕ್ಕೇ ಹೋಗಿ ಬರೋದು. ಈ ಕಡೆ ಊರುಗಳಿಗೆ ಟವರ್ ಬೇಕು ಅಂತ ನಿಮ್ಮ ಪತ್ರಿಕೆಯಲ್ಲೇ ಎಷ್ಟು ಸಲ ಬಂದಿದೆ, ನಾನು ಮತ್ತೆ ಬರೆಯಲ್ಲ, ಆದ್ರೆ ಡೌನ್‌ಲೋಡ್ ಬಂದ್ರೆ ಸಾಕು ಅನ್ನೋರಿಗೆ ಒಂದು ಮಾತು, ಕಲಿಯೋರಿಗೆ ಅಪ್‌ಲೋಡ್ ಬೇಕು.

ಪತ್ರದ ಉದ್ದೇಶಕ್ಕೆ ಬರ್ತೀನಿ. ನಡಿಕೇರಿಯಂಡ ಚಿಣ್ಣಪ್ಪನವ್ರು 1924ರಲ್ಲಿ ಕೊಡವ ಪಾಟುಗಳನ್ನ ಸೇರ್ಸಿ ಅಚ್ಚು ಮಾಡಿಸಿದ್ರಿಂದ ಮಾತುಗಳು ಉಳ್ಕೊಂಡ್ವು. ದುಡಿ ಹೊಡಿಯೋ ಕೈ ಪುಸ್ತಕದಲ್ಲಿ ಬರಲ್ಲ. ನಮ್ಮ ಜಿಲ್ಲೆ ಮಕ್ಕಳು ಅರ್ಧಕ್ಕರ್ಧ ಬೆಂಗಳೂರು ಮೈಸೂರಲ್ಲಿ ಇದಾರೆ, ಪುತ್ತರಿ ಅನ್ನೋ ಸುಗ್ಗಿ ಹಬ್ಬಕ್ಕೆ ಬಂದಾಗ ಎರಡು ದಿನ ದುಡಿ ಹಿಡಿದು ಮೊಬೈಲಲ್ಲಿ ಫೋಟೋ ತೆಗ್ಸಿ ಹೋಗ್ತಾರೆ. ಪಾಟಿನ ವಿಡಿಯೋಗೆ ಬರ ಇಲ್ಲ, ಬೇಕಾದಷ್ಟಿದೆ. ಇಲ್ದಿರೋದು ಆ ಹುಡುಗ ಬೆಂಗಳೂರಲ್ಲಿ ದುಡಿ ಹೊಡೆದು ರೆಕಾರ್ಡ್ ಮಾಡಿ ಕಳಿಸಿದ್ರೆ ಅದನ್ನ ಕೂತು ನೋಡಿ 'ಮೂರನೇ ಏಟು ತಡ ಆಯ್ತು ಮಗ, ಕೋಲು ಅಷ್ಟು ಬಿಗಿಯಾಗಿ ಹಿಡೀಬೇಡ' ಅಂತ ವಾಪಸ್ ಹೇಳೋರು. ಮಡಿಕೇರಿಯಲ್ಲಿ ಕೊಡವ ಸಾಹಿತ್ಯ ಅಕಾಡೆಮಿ ಇದೆ, ಅರೆಭಾಷೆ ಅಕಾಡೆಮಿ ಇದೆ. ತಿಂಗಳಿಗೆ ಇಷ್ಟು ಅಂತ ಗೌರವಧನ ಕೊಟ್ಟು ನಾಲ್ಕು ಜನ ಹಿರಿಯ ಕೈಗಳನ್ನ ಈ ಕೆಲ್ಸಕ್ಕೆ ಕೂರಿಸ್ಬಹುದಾ ಅಂತ ಕೇಳ್ತಿದೀನಿ, ಕಟ್ಟಡ ಬೇಡ, ವೇದಿಕೆ ಬೇಡ, ಒಂದು ಒಳ್ಳೆ ಮೊಬೈಲು ಅದನ್ನ ಹಿಡ್ಕೊಳ್ಳೋಕೆ ಒಬ್ಬ ಹುಡುಗ ಸಾಕು. ಕೂರಿಸುವಾಗ ವಾಲಗ ನುಡ್ಸೋ ಲೈನ್‌ಮನೆಯವ್ರನ್ನೂ ಕೂರಿಸ್ಬೇಕು, ಮದುವೆ ಮನೆಯಲ್ಲಿ ಅವ್ರಿಲ್ದೆ ಒಂದು ಹೆಜ್ಜೆ ನಡೆಯಲ್ಲ, ಗುರು ಅನ್ನುವಾಗ ಮಾತ್ರ ಅವ್ರ ನೆನಪು ಯಾರಿಗೂ ಬರಲ್ಲ, ನನಗೂ ಬರ್ಲಿಲ್ಲ ಅಂತ ಮೇಲೇ ಒಪ್ಕೊಂಡಿದೀನಿ.

ಆ ಅಜ್ಜ ಮೊನ್ನೆ ಮತ್ತೆ ಬಂದಿದ್ರು, ಅಡ್ವಾನ್ಸಿಗೇ. ಈ ಸಲ ನಾನೇ ಕೂರಿಸಿ ಆ ಟ್ಯೂನ್ ಪೂರ್ತಿ ನುಡಿಸ್ದೆ. ಎಲೆ ಅಡಿಕೆ ಜಗೀತಾ ಕೇಳಿದ್ರು, ಕೊನೆಗೆ 'ಕುಂಟು ಹೋಯ್ತು, ಈಗ ಸ್ವಲ್ಪ ಅವಸರ' ಅಂದ್ರು. ಅದೇ ರೆಕಾರ್ಡಿಂಗ್ ಅಮೆರಿಕಕ್ಕೂ ಹೋಗಿದೆ, ಗುರುವಾರದ ಹೊತ್ತಿಗೆ ಉತ್ತರ ಬರ್ಬಹುದು, ಮಳೆ ಬಿಟ್ರೆ ಸಿಲ್ವರ್ ಮರದ ಹತ್ರ ಹೋಗಿ ನೋಡ್ಬೇಕು.

ಇಂತಿ,
ಒಬ್ಬ ತೋಟದ ರೈಟರ್
ಸುಂಟಿಕೊಪ್ಪ ಹತ್ರ, ಕೊಡಗು